ಟೈರ್ ಸಿಡಿದಾಗ ಕಾಲು ಸುಮ್ಮನಿರಲಿ: ಕೊಡಗಿನ ರಸ್ತೆಯಲ್ಲಿ ಗಾಡಿ ಓಡಿಸುವವರಿಗೆ

ಮಳೆ ಬಿಟ್ಟು, ರಸ್ತೆಯ ಗುಂಡಿಗಳೆಲ್ಲ ಬಾಯಿ ತೆರೆದು ಕೂರುವ ಹೊತ್ತಿಗೆ ಪ್ರತಿ ವರ್ಷ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತದೆ. "ಸಂಪಾಜೆ ಘಾಟಿ ಇಳಿಯುವಾಗ ಟೈರ್ ಬರ್ಸ್ಟ್ ಆದರೆ ಏನು ಮಾಡಬೇಕು?" "ಮಾಕುಟ್ಟದ ಕಾಡಲ್ಲಿ ರಾತ್ರಿ ಟೈರ್ ಒಡೆದರೆ ಇಳಿದು ಸ್ಟೆಪ್ನಿ ಹಾಕಬಹುದಾ?" ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಹಾಗಾಗಿ ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಟೈರ್ ಸಿಡಿದಾಗ ಏನು ಮಾಡಬೇಕೆಂದು ಹೇಳುವ ವಿಡಿಯೊಗಳು ಬೇಕಾದಷ್ಟಿವೆ. ಆದರೆ ಬಹುಪಾಲು ವಿಡಿಯೊಗಳಲ್ಲಿ ರಸ್ತೆ ನೆಟ್ಟಗೆ, ಅಗಲಕ್ಕೆ, ಮಟ್ಟಸವಾಗಿ ಇರುತ್ತದೆ. ನಮ್ಮಲ್ಲಿ ಒಂದು ಕಡೆ ಬರೆ, ಅಂದರೆ ರಸ್ತೆಗಾಗಿ ಕಡಿದ ಗುಡ್ಡದ ಮಣ್ಣಿನ ಗೋಡೆ, ಇನ್ನೊಂದು ಕಡೆ ಕಂದಕ, ನಡುವೆ ಎರಡು ಗಾಡಿ ಹಿಡಿಯುವಷ್ಟು ಡಾಂಬರು. ಹೆದ್ದಾರಿಯ ಪಾಠ ಇಲ್ಲಿ ಮುಕ್ಕಾಲು ಪಾಲು ಒಪ್ಪುತ್ತದೆ, ಕಾಲು ಪಾಲು ಒಪ್ಪುವುದಿಲ್ಲ. ಆ ಕಾಲು ಪಾಲಿನ ಬಗ್ಗೆಯೇ ಇಲ್ಲಿ ಹೆಚ್ಚು ಹೇಳುತ್ತೇನೆ.

ಪಂಕ್ಚರ್ ಬೇರೆ, ಬರ್ಸ್ಟ್ ಬೇರೆ

ಪಂಕ್ಚರ್ ಎಂದರೆ ಮೊಳೆಯೋ ಮುಳ್ಳೋ ಚುಚ್ಚಿ ಗಾಳಿ ನಿಧಾನಕ್ಕೆ ಇಳಿಯುವುದು. ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆ ಚುಚ್ಚಿಕೊಂಡೇ ಮೂರು ದಿನ ಓಡಾಡಿದವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಬರ್ಸ್ಟ್ ಎಂದರೆ ಟೈರಿನ ಮೈಯೇ ಹರಿದು ಗಾಳಿ ಒಂದೇ ಏಟಿಗೆ ಹೊರಬರುವುದು. ಹೆಚ್ಚಾಗಿ ಹರಿಯುವುದು ಸೈಡ್‌ವಾಲ್, ಅಂದರೆ ರಸ್ತೆಗೆ ತಾಗುವ ಬಟನ್ ಭಾಗಕ್ಕೂ ರಿಮ್ಮಿಗೂ ನಡುವಿನ ತೆಳು ಪಕ್ಕೆ. ಬಟನ್ ಭಾಗದ ಒಳಗೆ ಉಕ್ಕಿನ ತಂತಿಯ ಪಟ್ಟಿಗಳಿರುತ್ತವೆ. ಕಾರಿನ ಟೈರಿನ ಪಕ್ಕೆಯಲ್ಲಿ ಅವು ಇರುವುದಿಲ್ಲ, ಬರೀ ನೂಲಿನ ಪದರ ಮತ್ತು ರಬ್ಬರ್. ಗುಂಡಿಯ ಚೂಪು ಅಂಚು ಏಟು ಕೊಡುವುದು ಅಲ್ಲಿಗೇ.

ಕಾರಣ ಊರಿಂದ ಊರಿಗೆ ಬೇರೆ. ಬಯಲು ಸೀಮೆಯಲ್ಲಿ ಟೈರ್ ಸಿಡಿಸುವುದು ಬಿಸಿ ಮತ್ತು ವೇಗ. ಕೊಡಗಿನಲ್ಲಿ ಮಳೆನೀರು ತುಂಬಿ ಕಾಣದೆ ಹೋದ ಗುಂಡಿ, ಒಡೆದ ಡಾಂಬರಿನ ಅಂಚು, ಮೋರಿಯ ಪಕ್ಕ ಎದ್ದು ನಿಂತ ಕಾಂಕ್ರೀಟು, ತೋಟದ ದಾರಿಯ ಬೋಳುಕಲ್ಲು. ಇಲ್ಲಿ ಪೆಟ್ಟು ತಿಂದ ಟೈರ್ ಇಲ್ಲೇ ಸಿಡಿಯಬೇಕೆಂದೇನೂ ಇಲ್ಲ. ಒಳಗಿನ ನೂಲು ಹರಿದು, ಹೊರಗೆ ಸಣ್ಣ ಗುಳ್ಳೆ ಎದ್ದು, ಅದು ಮೈಸೂರು ದಾಟಿ ಎಕ್ಸ್‌ಪ್ರೆಸ್ ವೇಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿರುವಾಗ ಸಿಡಿಯುತ್ತದೆ.

ಗಾಡಿಯಲ್ಲಿ ಏನೇನಿರಬೇಕು

ಗಾಳಿ ತುಂಬಿದ ಸ್ಟೆಪ್ನಿ, ಜಾಕಿ, ವೀಲ್ ಸ್ಪ್ಯಾನರ್ ಎಲ್ಲರಿಗೂ ಗೊತ್ತು. ಇವುಗಳ ಜೊತೆಗೆ ಒಂದಡಿ ಚೌಕದ ದಪ್ಪ ಹಲಗೆ ತುಂಡು, ಚಕ್ರಕ್ಕೆ ಕೊಡಲು ಎರಡು ಮರದ ಅಡೆ, ಟಾರ್ಚು, ಕೆಂಪು ತ್ರಿಕೋನ, ಮಳೆಕೋಟು, ಒಂದು ಜೊತೆ ಕೈಗವಸು. ಹಲಗೆ ಯಾಕೆಂದು ಮುಂದೆ ಗೊತ್ತಾಗುತ್ತದೆ.

ಹೊಸ ಕಾರು ಕೊಂಡವರು ಒಮ್ಮೆ ಡಿಕ್ಕಿ ತೆಗೆದು ನೋಡಿ. ಚಕ್ರದ ಗಾಳಿ ಕಡಿಮೆಯಾದರೆ ಮೀಟರಿನಲ್ಲಿ ದೀಪ ಹತ್ತಿಸುವ ವ್ಯವಸ್ಥೆಗೆ ಟಿಪಿಎಂಎಸ್ ಎನ್ನುತ್ತಾರೆ. ಅದೂ ಪಂಕ್ಚರ್ ಕಿಟ್ಟೂ ಇರುವ ಟ್ಯೂಬ್‌ಲೆಸ್ ಟೈರಿನ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದು 2020ರಲ್ಲಿ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿಯಾಯಿತು. ಹಾಗಾಗಿ ಕೆಲವು ಕಾರುಗಳಲ್ಲಿ ಈಗ ಸ್ಟೆಪ್ನಿಯ ಜಾಗದಲ್ಲಿ ಒಂದು ಡಬ್ಬಿ ಅಂಟು, ಒಂದು ಪುಟ್ಟ ಪಂಪು ಇರುತ್ತದೆ. ಮೊಳೆ ತೂತಿಗೆ ಅದು ಸಾಕು. ಸೈಡ್‌ವಾಲ್ ಹರಿದರೆ ಆ ಡಬ್ಬಿ ಏನೇನೂ ಪ್ರಯೋಜನವಿಲ್ಲ. ನಿಮ್ಮದು ಅಂಥ ಕಾರಾಗಿದ್ದು ನೀವಿರುವುದು ಕೊಡಗಿನಲ್ಲಾದರೆ, ಜಾಗ ಸ್ವಲ್ಪ ಇಕ್ಕಟ್ಟಾದರೂ ಸರಿ, ಒಂದು ಸ್ಟೆಪ್ನಿ ಕೊಂಡು ಇಟ್ಟುಕೊಳ್ಳಿ.

ಹಂತ 1: ಮನೆಯಂಗಳದಲ್ಲಿ ಹತ್ತು ನಿಮಿಷ

ತಿಂಗಳಿಗೆರಡು ಸಲ, ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ, ಟೈರ್ ತಣ್ಣಗಿರುವಾಗ ಗಾಳಿ ಅಳೆಯಿರಿ. ಎಷ್ಟಿರಬೇಕು ಎಂಬುದು ಡ್ರೈವರ್ ಕಡೆಯ ಬಾಗಿಲು ತೆರೆದಾಗ ಕಾಣುವ ಚೀಟಿಯಲ್ಲಿರುತ್ತದೆ. ಒಬ್ಬರೇ ಹೋಗುವಾಗ ಒಂದು ಲೆಕ್ಕ, ಐದು ಜನರೂ ಸಾಮಾನೂ ಇದ್ದಾಗ ಇನ್ನೊಂದು. ಟೈರಿನ ಮೇಲೆ ಬರೆದಿರುವ ಪಿಎಸ್‌ಐ ಅಂಕೆ ನೋಡಿ ಗಾಳಿ ಹಾಕಿಸಬೇಡಿ. ಅದು ಟೈರ್ ತಡೆಯುವ ಗರಿಷ್ಠ ಒತ್ತಡವೇ ಹೊರತು ನಿಮ್ಮ ಗಾಡಿಗೆ ಬೇಕಾದ ಒತ್ತಡವಲ್ಲ.

ಗಾಳಿ ಜಾಸ್ತಿಯಾದರೆ ಟೈರ್ ಸಿಡಿಯುತ್ತದೆ ಎಂದು ನಮ್ಮಲ್ಲಿ ಗಟ್ಟಿ ನಂಬಿಕೆ. ನಿಜವಾಗಿ ಹೆಚ್ಚು ಟೈರ್ ತಿನ್ನುವುದು ಕಡಿಮೆ ಗಾಳಿ. ಗಾಳಿ ಕಡಿಮೆಯಿರುವ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ, ಮಡಚಿದಷ್ಟೂ ಬಿಸಿಯೇರುತ್ತದೆ, ಕೊನೆಗೆ ಒಳಪದರ ಬಿಟ್ಟುಕೊಳ್ಳುತ್ತದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸಿದರೆ ಬಿಸಿಯಾಗಿ ತುಂಡಾಗುವುದಿಲ್ಲವೇ, ಹಾಗೆ. ತೋಟದ ಕೆಸರಿನಲ್ಲಿ ಹಿಡಿತ ಸಿಗಲಿ ಎಂದು ಜೀಪಿನ ಗಾಳಿ ಇಳಿಸುವುದು ತಪ್ಪಲ್ಲ. ಅದೇ ಗಾಳಿಯಲ್ಲಿ ಕಾಫಿ ಮೂಟೆ ಹೇರಿಕೊಂಡು ಕುಶಾಲನಗರಕ್ಕೆ ಹೊರಡುವುದು ತಪ್ಪು.

ಇನ್ನೊಂದು ಪ್ರಶ್ನೆ: "ಮಡಿಕೇರಿಯ ಚಳಿಯಲ್ಲಿ ಹಾಕಿಸಿದ ಗಾಳಿ ಕೆಳಗೆ ಸುಳ್ಯದ ಸೆಕೆಗೆ ಉಬ್ಬಿ ಟೈರ್ ಒಡೆಯುವುದಿಲ್ಲವೇ? ಸ್ವಲ್ಪ ಬಿಟ್ಟು ಇಳಿಯಲೇ?" ಬೇಡ. 10 ಡಿಗ್ರಿ ಬಿಸಿ ಏರಿದರೆ ಕಾರಿನ ಟೈರಿನಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಮಡಿಕೇರಿಯಿಂದ ಸಂಪಾಜೆಗೆ ಸಾವಿರ ಮೀಟರ್ ಹತ್ತಿರ ಹತ್ತಿರ ಇಳಿಯುತ್ತೀರಿ. ಕೆಳಗೆ ಹೊರಗಿನ ವಾಯುಭಾರ ಹೆಚ್ಚು, ಹಾಗಾಗಿ ಮೀಟರಿನಲ್ಲಿ ಹೆಚ್ಚು ಕಡಿಮೆ ಅಷ್ಟೇ ಇಳಿದಂತೆ ಕಾಣುತ್ತದೆ. ಅಲ್ಲಿಂದಲ್ಲಿಗೆ ಸರಿಹೋಯಿತು. ಚೀಟಿಯಲ್ಲಿರುವಷ್ಟು ಹಾಕಿಸಿ ಹೊರಡಿ, ಅಷ್ಟೇ. ನೈಟ್ರೋಜನ್ನಿಗೆ ದುಡ್ಡು ಕೊಡಬೇಕೇ ಎಂದೂ ಕೇಳುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಪುಕ್ಕಟೆಯಾಗಿ ಇದೆ.

ಗಾಳಿ ಆಯಿತು, ಈಗ ಕಣ್ಣು. ಪಕ್ಕೆಯಲ್ಲಿ ಗುಳ್ಳೆ, ಸೀಳು, ಬಿರುಕು ಇದೆಯೇ? ಹೊರಮೈ ಕಾಣುತ್ತದೆ, ಒಳಮೈ ಕಾಣುವುದಿಲ್ಲ. ಸ್ಟೇರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಟಾರ್ಚು ಹಿಡಿದು ಮುಂದಿನ ಟೈರಿನ ಒಳಮೈಯನ್ನೂ ನೋಡಿ. ಗುಳ್ಳೆ ಎಷ್ಟೇ ಚಿಕ್ಕದಿರಲಿ, ಆ ಟೈರ್ ಮುಗಿಯಿತು. "ಇನ್ನೊಂದು ಮಳೆಗಾಲ ಓಡುತ್ತದೆ" ಎನ್ನುವವರ ಮಾತು ಕೇಳಬೇಡಿ. ಬಟನ್ ಸಂದಿಯಲ್ಲಿ ಅಡ್ಡಕ್ಕೆ ಸಣ್ಣ ದಿಬ್ಬಗಳಿರುತ್ತವೆ, ಎತ್ತರ 1.6 ಮಿ.ಮೀ. ಬಟನ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಕಾರಿನ ಟೈರ್ ಬದಲಿಸಬೇಕು. ನಮ್ಮ ಮಳೆಗೆ ನಾನು ಅಷ್ಟರವರೆಗೆ ಕಾಯುವುದಿಲ್ಲ.

ಕೊನೆಯದು ವಯಸ್ಸು. ಟೈರಿನ ಪಕ್ಕೆಯಲ್ಲಿ ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕೆಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು ಎಂದರ್ಥ. ಆರು ವರ್ಷ ದಾಟಿದ ಟೈರನ್ನು ಅನುಮಾನದಿಂದ ನೋಡಿ. ಹತ್ತು ವರ್ಷವಾದದ್ದನ್ನು ಬಟನ್ ಹೊಸದರಂತಿದ್ದರೂ ತೆಗೆದುಹಾಕಿ. ಮಿಲಿಟರಿಯಲ್ಲಿರುವ ಮಗ ರಜೆಗೆ ಬಂದಾಗ ಮಾತ್ರ ಶೆಡ್ಡಿನಿಂದ ಹೊರಬರುವ ಕಾರುಗಳು ಕೊಡಗಿನಲ್ಲಿ ಬೇಕಾದಷ್ಟಿವೆ. ಓಡದೆ ನಿಂತ ಟೈರ್ ಹಾಳಾಗುವುದಿಲ್ಲ ಎಂಬುದು ಸುಳ್ಳು. ನಿಂತಲ್ಲೇ ರಬ್ಬರ್ ಬಿರಿಯುತ್ತದೆ. ಸ್ಟೆಪ್ನಿಯ ಅಂಕೆಯನ್ನೂ ನೋಡಲು ಮರೆಯಬೇಡಿ. ಅದರ ವಯಸ್ಸು ಗಾಡಿಯ ವಯಸ್ಸೇ.

ಹಂತ 2: ಘಾಟಿಯ ಬಾಯಲ್ಲಿ

ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಎಂದು ಹಳೆಯ ಡ್ರೈವರುಗಳು ಹೇಳುತ್ತಿದ್ದರು. ಟೈರಿನ ಮಟ್ಟಿಗೂ ಅದು ಸರಿ. ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಬ್ರೇಕಿನ ಬಿಸಿ ರಿಮ್ಮಿಗೆ ಏರುತ್ತದೆ, ರಿಮ್ಮಿನಿಂದ ಟೈರಿಗೆ. ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳಲಿ. ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಉರುಳುವ ಚಾಳಿ ಇದ್ದರೆ ಇವತ್ತೇ ಬಿಡಿ. ಎಂಜಿನ್ ನಿಂತರೆ ಪವರ್ ಸ್ಟೇರಿಂಗ್ ಬಿಗಿಯಾಗುತ್ತದೆ, ಎರಡು ಮೂರು ಸಲ ತುಳಿದ ಮೇಲೆ ಬ್ರೇಕ್ ಕಲ್ಲಾಗುತ್ತದೆ. ಟೈರ್ ಸಿಡಿಯುವ ಕ್ಷಣದಲ್ಲಿ ಬೇಕಾಗುವುದು ಈ ಎರಡೇ.

ಕೈ ಇಡುವ ಜಾಗ: ಗಡಿಯಾರದ ಒಂಬತ್ತು ಮತ್ತು ಮೂರು ಇರುವಲ್ಲಿ. ಹೆಬ್ಬೆರಳು ಸ್ಟೇರಿಂಗಿನ ಒಳಗಿನ ಕಡ್ಡಿಗೆ ಸಿಕ್ಕಿಸಿಕೊಂಡು ಕೂರಬೇಡಿ. ಮುಂದಿನ ಚಕ್ರ ಸಿಡಿದಾಗ ಸ್ಟೇರಿಂಗ್ ಒದೆಯುತ್ತದೆ, ಬೆರಳು ತಿರುಚಬಹುದು.

ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್, 72 ಎಂದರೆ 20. ಏನಾಯಿತೆಂದು ತಲೆಗೆ ಹತ್ತಲು ಒಂದು ಸೆಕೆಂಡ್ ಬೇಕು. ಘಾಟಿಯ ಒಂದು ತಿರುವಿನಿಂದ ಇನ್ನೊಂದು ತಿರುವಿಗೆ ಎಷ್ಟು ಮೀಟರ್ ಇದೆ ಎಂದು ಮುಂದಿನ ಸಲ ಇಳಿಯುವಾಗ ಅಂದಾಜು ಮಾಡಿ ನೋಡಿ. ನಿಮ್ಮ ವೇಗ ಎಷ್ಟಿರಬೇಕೆಂದು ನಾನು ಹೇಳಬೇಕಾಗುವುದಿಲ್ಲ.

ಹಂತ 3: ಸಿಡಿದ ಮೊದಲ ಮೂರು ಸೆಕೆಂಡ್

ಢಂ ಎನ್ನುತ್ತದೆ. ಬಂದೂಕಿನ ಸದ್ದಿಗೆ ಬೆಚ್ಚದ ಊರಿನವರೂ ಇದಕ್ಕೆ ಬೆಚ್ಚುತ್ತಾರೆ. ಆ ಬೆಚ್ಚುವಿಕೆಯಲ್ಲಿ ಎರಡೂ ಕಾಲು ತಾವಾಗಿಯೇ ಕೆಳಗೆ ಹೋಗುತ್ತವೆ: ಬಲಗಾಲು ಬ್ರೇಕಿಗೆ, ಎಡಗಾಲು ಕ್ಲಚ್ಚಿಗೆ. ಎರಡೂ ತಪ್ಪು.

ಬ್ರೇಕ್ ಯಾಕೆ ಬೇಡ? ಗಾಳಿ ಹೋದ ಚಕ್ರ ಆಗಲೇ ಆ ಮೂಲೆಯನ್ನು ಹಿಂದಕ್ಕೆ ಜಗ್ಗುತ್ತಿರುತ್ತದೆ. ಜೋರಾಗಿ ಬ್ರೇಕ್ ಒತ್ತಿದರೆ ಗಾಡಿಯ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ. ಸಿಡಿದದ್ದು ಮುಂದಿನ ಚಕ್ರವಾದರೆ ಗಾಡಿ ಆ ಮೂಲೆಯ ಮೇಲೆ ಕುಕ್ಕರಿಸಿ ಅದೇ ಕಡೆಗೆ ಗಿರಕ್ಕನೆ ತಿರುಗುತ್ತದೆ. ಹಿಂದಿನದಾದರೆ ಹಿಂಭಾಗ ಹಗುರಾಗಿ, ಬಾಲ ಬೀಸಿ, ಗಾಡಿ ಅಡ್ಡ ನಿಲ್ಲುತ್ತದೆ. ಕ್ಲಚ್ ಯಾಕೆ ಬೇಡ? ಇಳಿಜಾರಿನಲ್ಲಿ ಕ್ಲಚ್ ಒತ್ತುವುದೆಂದರೆ ಎಂಜಿನ್ನಿನ ಹಿಡಿತ ಬಿಡಿಸುವುದು. ಗಾಡಿಯ ವೇಗ ಏರುತ್ತದೆ.

ಹಾಗಾದರೆ ಮಾಡಬೇಕಾದ್ದು:

1. ಎರಡೂ ಕೈಯಲ್ಲಿ ಸ್ಟೇರಿಂಗ್ ಬಿಗಿ ಹಿಡಿಯಿರಿ. ಗಾಡಿ ಹೋಗಬೇಕಾದ ದಾರಿಯನ್ನೇ ನೋಡಿ, ಕಂದಕವನ್ನಲ್ಲ. ಕಣ್ಣು ಹೋದ ಕಡೆ ಕೈ ಹೋಗುತ್ತದೆ.

2. ಗಾಡಿ ಒಂದು ಕಡೆಗೆ ಎಳೆದರೆ ಎಳೆದಷ್ಟೇ ಎದುರು ಕೊಡಿ. ಝಾಡಿಸಿ ತಿರುಗಿಸಿದರೆ ಮರುಕ್ಷಣ ಗಾಡಿ ಇನ್ನೊಂದು ಕಡೆಗೆ ನುಗ್ಗುತ್ತದೆ. ಜೀಪು, ಪಿಕಪ್‌ನಂಥ ಎತ್ತರದ ಗಾಡಿಗಳು ಮಗುಚುವುದು ಹೆಚ್ಚಾಗಿ ಈ ಎರಡನೇ ಝಾಡಿಕೆಗೆ.

3. ಆಕ್ಸಿಲರೇಟರ್ ಮೇಲಿನ ಕಾಲನ್ನು ಫಕ್ಕನೆ ಎತ್ತಬೇಡಿ. ಸಮತಟ್ಟಾದ ಹೆದ್ದಾರಿಯಲ್ಲಿ, ವೇಗ ಹೆಚ್ಚಿದ್ದಾಗ, ಒಂದು ಕ್ಷಣ ಕಾಲು ಇದ್ದಲ್ಲೇ ಇರಲಿ, ಗಾಡಿ ನೆಟ್ಟಗಾದ ಮೇಲೆ ನಿಧಾನಕ್ಕೆ ಬಿಡಿ. ಇಳಿಜಾರಿನಲ್ಲಿ ಗಾಡಿಯನ್ನು ಬೆಟ್ಟವೇ ತಳ್ಳುತ್ತಿರುತ್ತದೆ, ಅಲ್ಲಿ ಒತ್ತುವ ಅಗತ್ಯವಿಲ್ಲ. ಮೆತ್ತಗೆ ಬಿಡುತ್ತಾ ಬನ್ನಿ.

4. ಗಾಡಿ ಕೈಗೆ ಬಂದಿತು ಎನಿಸಿದ ಮೇಲೆ ಒಂದೊಂದೇ ಗೇರ್ ಇಳಿಸಿ. ಆಟೋಮ್ಯಾಟಿಕ್ ಗಾಡಿಯಾದರೆ ಎಲ್ ಅಥವಾ ಮ್ಯಾನುವಲ್ ಕ್ರಮಕ್ಕೆ ಹಾಕಿ ಇಳಿಸಿ. ನ್ಯೂಟ್ರಲ್ ಬೇಡ. ಹ್ಯಾಂಡ್ ಬ್ರೇಕ್ ಅಂತೂ ಬೇಡವೇ ಬೇಡ.

ಇನ್ನು ಹೆದ್ದಾರಿ ಪಾಠ ಒಪ್ಪದ ಜಾಗ. ಘಾಟಿಯಲ್ಲಿ ಗಾಡಿ ತಾನಾಗಿಯೇ ನಿಲ್ಲುವುದಿಲ್ಲ, ಬ್ರೇಕ್ ಬೇಕೇ ಬೇಕು. ಪ್ರಶ್ನೆ ಯಾವಾಗ, ಎಷ್ಟು ಎಂಬುದು. ಗಾಡಿ ನೆಟ್ಟಗಿರುವಾಗ, ಸ್ಟೇರಿಂಗ್ ತಿರುಗಿಲ್ಲದಾಗ, ಮೊಟ್ಟೆಯ ಮೇಲೆ ಕಾಲಿಟ್ಟಂತೆ ಒತ್ತಿ, ಬಿಡಿ, ಮತ್ತೆ ಒತ್ತಿ. ಗಂಟೆಗೆ 25, 30ರ ವೇಗದಲ್ಲಿದ್ದು ಎದುರಿಗೇ ತಿರುವು, ಆಚೆ ಕಂದಕ ಎಂದಿದ್ದರೆ "ಬ್ರೇಕ್ ಮುಟ್ಟಬೇಡಿ" ಎಂಬ ಮಾತನ್ನು ನೆನೆಯುತ್ತಾ ಕೂರಬೇಡಿ. ಆ ವೇಗದಲ್ಲಿ ಮೆತ್ತಗೆ ಬ್ರೇಕ್ ಒತ್ತಿದರೆ ಗಾಡಿ ತಿರುಗಿ ಬೀಳುವುದಿಲ್ಲ.

ತಿರುವಿನ ನಡುವೆಯೇ ಸಿಡಿದರೆ? ತಿರುವಿನಲ್ಲಿ ಭಾರ ಹೊರುವುದು ಹೊರಗಿನ ಮುಂದಿನ ಚಕ್ರ, ಹಾಗಾಗಿ ಸಿಡಿಯುವುದೂ ಅದೇ ಹೆಚ್ಚು. ಆಗ ಗಾಡಿ ತಿರುಗದೆ ನೆಟ್ಟಗೆ ಹೋಗಲು ನೋಡುತ್ತದೆ. ಇನ್ನಷ್ಟು ತಿರುಗಿಸಬೇಕೆನಿಸುತ್ತದೆ, ತಿರುಗಿಸಿ ಉಪಯೋಗವಿಲ್ಲ. ಹಿಡಿದ ತಿರುವನ್ನು ಹಿಡಿದುಕೊಂಡೇ ವೇಗ ಇಳಿಸಿ. ವೇಗ ಇಳಿದಂತೆ ಗಾಡಿ ಮಾತು ಕೇಳತೊಡಗುತ್ತದೆ.

ಎಲ್ಲ ಕೈಮೀರಿತು, ಯಾವುದಾದರೂ ಒಂದು ಕಡೆಗೆ ಹೋಗಲೇಬೇಕು ಎಂದಾಗ ಬರೆಯ ಕಡೆಗೆ ಹೋಗಿ. ಚರಂಡಿಗೆ ಚಕ್ರ ಇಳಿಯಲಿ, ಬಾಗಿಲು ಮಣ್ಣಿಗೆ ಉಜ್ಜಲಿ, ಕನ್ನಡಿ ಮುರಿಯಲಿ. ಬರೆ ಬಲಕ್ಕಿದ್ದರೆ ಎದುರು ಗಾಡಿ ಬರುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಮಾತ್ರ. ಕಂದಕದ ಅಂಚಿನ ಮೋಟುಗೋಡೆ ಹಿಡಿದು ನಿಲ್ಲಿಸುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬೇಡಿ. 2018ರ ಆಗಸ್ಟ್ ಮಳೆಯಲ್ಲಿ ಮಡಿಕೇರಿ–ಸಂಪಾಜೆ ರಸ್ತೆಯ ಜೋಡುಪಾಲದ ಸುತ್ತ ರಸ್ತೆಯಂಚು ಹೇಗೆ ಹೋಯಿತೆಂದು ಕಂಡವರು ಆ ಅಂಚನ್ನು ನಂಬುವುದಿಲ್ಲ.

ಎಬಿಎಸ್ ಎಂದರೆ ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಸ್ತಬ್ಧವಾಗದಂತೆ ನೋಡಿಕೊಳ್ಳುವ ವ್ಯವಸ್ಥೆ. ಅದಿರುವ ಗಾಡಿಯಲ್ಲಿ ಗಾಬರಿಯಿಂದ ಬ್ರೇಕ್ ತುಳಿದುಬಿಟ್ಟರೂ ಅನಾಹುತ ಸ್ವಲ್ಪ ಕಡಿಮೆ. ಆದರೆ ಅದು ಇಲ್ಲದ ಗಾಳಿಯನ್ನು ಟೈರಿಗೆ ತುಂಬುವುದಿಲ್ಲ.

ಬೈಕಿನವರಿಗೆ: ಸಿಡಿದ ಚಕ್ರದ ಬ್ರೇಕ್ ಮುಟ್ಟಬೇಡಿ, ಇನ್ನೊಂದು ಚಕ್ರದ್ದನ್ನು ಮೆಲ್ಲಗೆ ಹಿಡಿಯಿರಿ. ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿದು, ಹ್ಯಾಂಡಲ್ ನೆಟ್ಟಗಿಟ್ಟುಕೊಳ್ಳಿ. ಮುಂದಿನದು ಸಿಡಿದರೆ ಮೈಭಾರ ಹಿಂದಕ್ಕೆ ಹಾಕಿ. ಕಾಲು ನೆಲಕ್ಕೆ ಊರುವುದು ಗಾಡಿ ನಿಂತ ಮೇಲೆ.

ಹಂತ 4: ಸಿಡಿದಲ್ಲಿ ನಿಲ್ಲಬೇಡಿ

ಅತಿ ಹೆಚ್ಚು ಜನ ತಪ್ಪುವುದು ಇಲ್ಲಿ. ಗಾಡಿ ಕೈಗೆ ಬಂದ ತಕ್ಷಣ, "ಅಯ್ಯೋ ರಿಮ್ ಹಾಳಾಗುತ್ತದೆ" ಎಂದು ಅಲ್ಲೇ, ತಿರುವಿನ ಹೊಟ್ಟೆಯಲ್ಲೇ ನಿಲ್ಲಿಸಿಬಿಡುತ್ತಾರೆ. ಹಿಂದಿನಿಂದ ಮರದ ಲಾರಿ ಇಳಿದು ಬರುತ್ತಿರುತ್ತದೆ. ಅದರ ಡ್ರೈವರಿಗೆ ನೀವು ಕಾಣುವುದು ಹತ್ತು ಮೀಟರ್ ದೂರದಲ್ಲಿ.

ರಿಮ್ ಹೋದರೆ ಹೋಗಲಿ. ಹಜಾರ್ಡ್ ದೀಪ ಹಾಕಿ, ಅಂದರೆ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವ ಕೆಂಪು ತ್ರಿಕೋನದ ಗುಂಡಿ ಒತ್ತಿ, ನಡೆಯುವಷ್ಟು ನಿಧಾನಕ್ಕೆ ಉರುಳಿಸಿಕೊಂಡು ಹೋಗಿ, ನೇರ ರಸ್ತೆಯೋ, ರಸ್ತೆ ಅಗಲವಾದ ಜಾಗವೋ, ತೋಟದ ಗೇಟೋ, ಅಂಗಡಿಯೋ ಸಿಗುವವರೆಗೆ. ನನ್ನ ಹಿಂದಿನ ಚಕ್ರ ಒಮ್ಮೆ ಕೊಯನಾಡಿಗಿಂತ ಮೇಲೆ ಹೋದಾಗ ಅರ್ಧ ಕಿಲೋಮೀಟರ್ ಹೀಗೆ ಬಂದಿದ್ದೇನೆ. ರಿಮ್ ಗುಜರಿಗೆ ಹೋಯಿತು. ಅದರ ಬಗ್ಗೆ ಇವತ್ತಿಗೂ ಬೇಸರವಿಲ್ಲ.

ಮಳೆಗಾಲದಲ್ಲಿ ಹಸಿ ಬರೆಯ ಬುಡದಲ್ಲಿ ನಿಲ್ಲಿಸಬೇಡಿ. ಮಣ್ಣು ಉದುರುತ್ತಿರುವುದು, ಮರ ರಸ್ತೆಗೆ ವಾಲಿರುವುದು, ಬರೆಯಿಂದ ಕೆಂಪು ನೀರು ಒಸರುವುದು ಕಂಡರೆ ಇನ್ನೂ ಮುಂದೆ ಹೋಗಿ.

ಕಾಡು ರಸ್ತೆಯ ಲೆಕ್ಕ ಬೇರೆಯೇ. ತಿತಿಮತಿಯಿಂದ ಆನೆಚೌಕೂರಿನ ಕಡೆಗೆ, ಮಾಕುಟ್ಟದ ಕಾಡಿನಲ್ಲಿ, ರಾತ್ರಿಯಾದರೆ ಸಿದ್ದಾಪುರ ಮಾಲ್ದಾರೆ ಕಡೆಯ ತೋಟದ ರಸ್ತೆಗಳಲ್ಲೂ, ಕತ್ತಲಲ್ಲಿ ಇಳಿದು ಜಾಕಿ ಹಾಕುತ್ತಾ ಕೂರಬೇಡಿ. ಉರುಳಿಸಿಕೊಂಡು ಮನೆ ದೀಪವೋ ಚೆಕ್‌ಪೋಸ್ಟೋ ಸಿಗುವವರೆಗೆ ಹೋಗಲು ನೋಡಿ. ಆಗಲಿಲ್ಲವೆಂದರೆ ಗಾಜು ಏರಿಸಿ ಒಳಗೇ ಇರಿ. ನೆಟ್‌ವರ್ಕ್ ಇದ್ದರೆ 112ಕ್ಕೆ ಕರೆ ಮಾಡಿ. ಬಸ್ಸೋ ಲಾರಿಯೋ ಬಂದರೆ ಹೆಡ್‌ಲೈಟ್ ಮಿನುಗಿಸಿ ನಿಲ್ಲಿಸಿ, ಅದರ ಬೆಳಕಿನಲ್ಲಿ, ನಾಲ್ಕು ಜನರ ನಡುವೆ ಕೆಲಸ ಮುಗಿಸಿ. ಆನೆ ಹತ್ತಿರದಲ್ಲಿದ್ದರೆ ಹಾರ್ನ್ ಹೊಡೆಯಬೇಡಿ. ನಾಗರಹೊಳೆಯ ಒಳಗಿನಿಂದ ಕುಟ್ಟಕ್ಕೆ ಹೋಗುವ ದಾರಿ ಸಂಜೆ 6ಕ್ಕೆ ಮುಚ್ಚುತ್ತದೆ. ಐದೂಕಾಲಿಗೆ ಗೇಟಿಗೆ ಬಂದು "ಮುಟ್ಟುತ್ತೇವೆ ಬಿಡಿ" ಎಂದು ಹೊರಡುವವರು ದಾರಿಯಲ್ಲಿ ಟೈರ್ ಹೋದರೆ ಏನು ಮಾಡುತ್ತೇವೆ ಎಂದು ಒಮ್ಮೆ ಯೋಚಿಸಿದರೆ ಒಳ್ಳೆಯದು.

ಹಂತ 5: ಇಳಿದ ಮೇಲೆ

ಮೊದಲು ಎಲ್ಲರೂ ಗಾಡಿಯಿಂದ ಇಳಿಯಲಿ, ರಸ್ತೆಯ ಕಡೆಗಲ್ಲದ ಬಾಗಿಲಿನಿಂದ. ಗಾಡಿಯ ಹಿಂದೆ ಅಥವಾ ಮುಂದೆ ನಿಲ್ಲಬೇಡಿ, ಪಕ್ಕಕ್ಕೆ ಸರಿದು ಎತ್ತರದ ಜಾಗದಲ್ಲಿ ನಿಲ್ಲಿ.

ತ್ರಿಕೋನವನ್ನು 50 ಮೀಟರ್ ಹಿಂದೆ ಇಡಬೇಕೆನ್ನುತ್ತಾರೆ. ಘಾಟಿಯಲ್ಲಿ ಮೀಟರ್ ಲೆಕ್ಕ ಬಿಡಿ. ತಿರುವಿಗಿಂತ ಮೊದಲೇ ಕಾಣುವಂತೆ ಇಡಿ. ತಿರುವಿನ ಈಚೆ ಇಟ್ಟ ತ್ರಿಕೋನ ಇದ್ದೂ ಇಲ್ಲದಂತೆ. ಎರಡೂ ಕಡೆ ತಿರುವಿದ್ದರೆ ಆಚೆಗೊಬ್ಬರು ಈಚೆಗೊಬ್ಬರು ನಿಂತು ಕೈ ಬೀಸಲಿ. ತ್ರಿಕೋನವಿಲ್ಲದಿದ್ದರೆ ನಮ್ಮ ಲಾರಿಯವರು ಮಾಡುವಂತೆ ಹಸಿರು ಕೊಂಬೆ ಮುರಿದು ರಸ್ತೆಯಂಚಿಗೆ ಹಾಕಿ. ಮಂಜು ಮುಸುಕಿದ್ದರೆ ಟಾರ್ಚನ್ನು ಎದುರಿನವರ ಕಣ್ಣಿಗೆ ಬಿಡದೆ ನೆಲಕ್ಕೆ ಬಿಟ್ಟು ಆಡಿಸಿ. ಯಾರಿಗಾದರೂ ಪೆಟ್ಟಾಗಿದ್ದರೆ ಟೈರಿನ ಮಾತು ಆಮೇಲೆ. 108ಕ್ಕೆ ಕರೆ ಮಾಡಿ.

ಹಂತ 6: ಇಳಿಜಾರಿನಲ್ಲಿ ಸ್ಟೆಪ್ನಿ

ಸಾಧ್ಯವಾದಷ್ಟು ಮಟ್ಟಸ ಜಾಗದಲ್ಲಿ ಮಾತ್ರ. ಹ್ಯಾಂಡ್ ಬ್ರೇಕ್ ಎಳೆಯಿರಿ, ಗೇರಿನಲ್ಲಿ ಹಾಕಿ, ಎಂಜಿನ್ ನಿಲ್ಲಿಸಿ. ಇಷ್ಟು ಸಾಕೆಂದುಕೊಳ್ಳುವುದು ದೊಡ್ಡ ಎಡವಟ್ಟು. ಸಾಮಾನ್ಯವಾಗಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ನೀವು ಎತ್ತುವುದು ಹಿಂದಿನ ಚಕ್ರವನ್ನೇ ಆದರೆ ಅದರ ಅರ್ಧ ಬಲ ಗಾಳಿಯಲ್ಲಿ ತೇಲುತ್ತದೆ. ಆದ್ದರಿಂದ ನೆಲದ ಮೇಲಿರುವ ಚಕ್ರಗಳಿಗೆ, ಇಳಿಜಾರಿನ ಕಡೆಯಿಂದ, ಕಲ್ಲು ಕೊಡಿ ಅಥವಾ ಮರದ ಅಡೆ ಕೊಡಿ. ಎರಡು ಚಕ್ರಕ್ಕೆ ಕೊಟ್ಟರೆ ಇನ್ನೂ ಒಳ್ಳೆಯದು.

ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ. ಎತ್ತಿದ ಮೇಲೆ ಬಿಗಿ ನಟ್ಟಿಗೆ ಜಗ್ಗಾಡಿದರೆ ಗಾಡಿ ಜಾಕಿಯಿಂದ ಜಾರುತ್ತದೆ. ಅಂಗಡಿಯಲ್ಲಿ ಗಾಳಿ ಗನ್ನಿನಿಂದ ಬಿಗಿದ ನಟ್ ಕೈಗೆ ಬಗ್ಗುವುದಿಲ್ಲ. ಸ್ಪ್ಯಾನರ್ ಹಿಡಿಕೆ ಅಡ್ಡಕ್ಕಿರುವಂತೆ ಸಿಕ್ಕಿಸಿ, ಗಾಡಿಗೆ ಕೈ ಊರಿ, ಪಾದದಿಂದ ಮೆಲ್ಲಗೆ ಕೆಳಕ್ಕೆ ಒತ್ತಿ.

ಈಗ ಹಲಗೆ. ನಮ್ಮ ರಸ್ತೆಯಂಚಿನ ಮಣ್ಣು ಮಳೆಗಾಲದಲ್ಲಿ ಗದ್ದೆಗಿಂತ ಕಡೆ. ಜಾಕಿ ಏರುವ ಬದಲು ನೆಲಕ್ಕೆ ಇಳಿಯುತ್ತದೆ. ಹಲಗೆಯ ಮೇಲೆ ಜಾಕಿ ಇಡಿ. ಜಾಕಿ ತಾಗಿಸುವ ಜಾಗ ಗಾಡಿಯ ತಳದಲ್ಲಿ ಗುರುತು ಮಾಡಿರುತ್ತದೆ, ಸಿಕ್ಕಸಿಕ್ಕಲ್ಲಿ ಕೊಡಬೇಡಿ. ಎತ್ತಿದ ಮೇಲೆ ಸ್ಟೆಪ್ನಿಯನ್ನು ಗಾಡಿಯಡಿಗೆ ತಳ್ಳಿಡಿ. ಜಾಕಿ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ, ನಿಮ್ಮ ಕೈಮೇಲಲ್ಲ. ಸಿಡಿದ ಚಕ್ರ ತೆಗೆದ ಮೇಲೆ ಅದನ್ನು ಅಡಿಗೆ ಹಾಕಿ, ಸ್ಟೆಪ್ನಿ ಎಳೆದುಕೊಳ್ಳಿ. ಯಾವ ಹೊತ್ತಿನಲ್ಲೂ ಮೈಯ ಯಾವ ಭಾಗವೂ ಗಾಡಿಯಡಿ ಹೋಗಬಾರದು.

ನಟ್ ಬಿಗಿಯುವಾಗ ಪಕ್ಕದಿಂದ ಪಕ್ಕಕ್ಕೆ ಹೋಗಬೇಡಿ, ಒಂದು ಬಿಗಿದರೆ ಅದರ ಎದುರಿನದನ್ನು ಬಿಗಿಯಿರಿ. ಜಾಕಿ ಇಳಿಸಿದ ಮೇಲೆ ಕೊನೆಯ ಬಿಗಿ.

ಹೊರಡುವ ಮುಂಚೆ ಚಕ್ರಕ್ಕೆ ಕೊಟ್ಟ ಕಲ್ಲನ್ನೂ ರಸ್ತೆಗೆ ಹಾಕಿದ ಕೊಂಬೆಯನ್ನೂ ತೆಗೆದು ಚರಂಡಿಯಾಚೆ ಎಸೆಯಿರಿ. ಗಾಡಿ ಹೋಯಿತು, ಕಲ್ಲು ರಸ್ತೆಯ ನಡುವೆ ಉಳಿಯಿತು, ರಾತ್ರಿ ಬೈಕಿನವ ಅದಕ್ಕೆ ಬಡಿದ ಎಂಬುದು ನಮ್ಮಲ್ಲಿ ಅಪರೂಪದ ಸುದ್ದಿಯಲ್ಲ.

ಹಂತ 7: ಆಮೇಲೆ

ಮುಂದಿನ ಊರಿನಲ್ಲಿ, ಸುಂಟಿಕೊಪ್ಪವೋ ಗೋಣಿಕೊಪ್ಪವೋ, ಇಳಿದು ನಟ್ ಮತ್ತೊಮ್ಮೆ ಬಿಗಿಯಿರಿ, ಸ್ಟೆಪ್ನಿಯ ಗಾಳಿ ನೋಡಿಸಿ. ಉಳಿದ ಚಕ್ರಗಳಿಗಿಂತ ಸಣಕಲಾದ ಸ್ಟೆಪ್ನಿ ಇದ್ದರೆ ಅದರ ಮೇಲೆ 80 ಎಂದು ವೇಗದ ಮಿತಿ ಬರೆದಿರುತ್ತದೆ. ಅದು ಪಂಕ್ಚರ್ ಅಂಗಡಿ ತಲುಪಲು ಇರುವುದು, ವಾರಗಟ್ಟಲೆ ಓಡಿಸಲು ಅಲ್ಲ.

ಸೈಡ್‌ವಾಲ್ ಹರಿದ ಟೈರಿಗೆ ಪ್ಯಾಚ್ ಹಾಕಿ ಕೊಡುತ್ತೇನೆ ಎನ್ನುವವರು ಸಿಗುತ್ತಾರೆ. ಹಾಕಿಸಬೇಡಿ. ಬಟನ್ ಭಾಗದ ಮೊಳೆ ತೂತು ಮಾತ್ರ ರಿಪೇರಿಗೆ ಯೋಗ್ಯ.

ವಿಮೆಯ ವಿಷಯ ಬಹಳ ಜನರಿಗೆ ತಿಳಿಯದು. ಟೈರ್ ಮಾತ್ರ ಸಿಡಿದು ಗಾಡಿಗೆ ಬೇರೇನೂ ಆಗದಿದ್ದರೆ ಸಾಮಾನ್ಯ ಪ್ಯಾಕೇಜ್ ಪಾಲಿಸಿಯಲ್ಲಿ ಟೈರಿಗೆ ದುಡ್ಡು ಸಿಗುವುದಿಲ್ಲ. ಅದೇ ಅಪಘಾತದಲ್ಲಿ ಗಾಡಿಗೂ ಪೆಟ್ಟಾಗಿದ್ದರೆ ಟೈರಿನ ಬೆಲೆಯ ಅರ್ಧದವರೆಗೆ ಸಿಗುತ್ತದೆ. ಟೈರಿಗೆಂದೇ ಪ್ರತ್ಯೇಕ ಆ್ಯಡ್ ಆನ್ ತೆಗೆದುಕೊಂಡಿದ್ದರೆ ಅದರ ಷರತ್ತಿನಂತೆ. ಹಾಗಾಗಿ ಚಕ್ರ ಬಿಚ್ಚುವ ಮುಂಚೆ ಗಾಡಿ, ಟೈರ್, ಗುಂಡಿ ಮೂರೂ ಕಾಣುವಂತೆ ಫೋಟೊ ತೆಗೆದಿಡಿ.

ಹೊಸ ಟೈರ್ ಹಾಕಿಸುವಾಗ ಒಂದೇ ಆಕ್ಸಲ್ಲಿನ ಎರಡನ್ನೂ ಒಟ್ಟಿಗೆ ಬದಲಿಸಿದರೆ ಒಳ್ಳೆಯದು. ಅಂಗಡಿಯಲ್ಲಿ ಆ ಹೊಸ ಜೋಡಿಯನ್ನು ಮುಂದಕ್ಕೆ ಹಾಕಲು ಹೊರಡುತ್ತಾರೆ. ಹಿಂದಕ್ಕೆ ಹಾಕಿಸಿ. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದರೆ ಸ್ಟೇರಿಂಗಿನಲ್ಲೇ ಗೊತ್ತಾಗುತ್ತದೆ, ಕಾಲು ಸಡಿಲಿಸಿದರೆ ಹಿಡಿತ ಮರಳುತ್ತದೆ. ಹಿಂದಿನದು ಜಾರಿದರೆ ಗೊತ್ತಾಗುವಷ್ಟರಲ್ಲಿ ಗಾಡಿ ಬಂದ ದಾರಿಗೇ ಮುಖ ಮಾಡಿರುತ್ತದೆ. ಅಂಗಡಿಯವರು ವಾದ ಮಾಡುತ್ತಾರೆ. ಮಾಡಲಿ, ಹಿಂದಕ್ಕೇ ಹಾಕಿಸಿಕೊಂಡು ಬನ್ನಿ.